ಮೈಸೂರು ಡಾಕ್ಟರು ಮುಶಿಗೇರಿಗೆ ಬಂದ ಚಳಿಗಾಲ

ರೋಣ ತಾಲ್ಲೂಕು ಮುಂಬಯಿ ರಾಜ್ಯ ಬಿಟ್ಟು ಮೈಸೂರು ರಾಜ್ಯಕ್ಕೆ ಸೇರಿದ ದಿನ, ಅಂದರೆ ಐವತ್ತಾರರ ನವೆಂಬರ್ ಒಂದರಂದು, ಮುಶಿಗೇರಿ ದವಾಖಾನೆಯ ನರ್ಸ್ ನೀಲವ್ವ ಹೆಗ್ಗಣ ಬಿದ್ದು ಸತ್ತ ನೀರಿನ ತೊಟ್ಟಿ ತೊಳೆಯುತ್ತಿದ್ದಳು. ಹೊರಗೆ ಸಾಲೆಯ ಮಕ್ಕಳು ಜೈಕಾರ ಹಾಕುತ್ತ ಹೋದರು. ಕಾಂಪೌಂಡರ್ ಮೋದಿನಸಾಬ ಒಂದು ಪೇಢೆ ಹಿಡಿದುಕೊಂಡು ಬಂದ.

"ಬಾಯಿ ಸಿಹಿ ಮಾಡ್ಕೋರಿ ಬಾಯಾರ. ಇವತ್ತಿಂದ ನಾವು ಮೈಸೂರ ರಾಜ್ಯದಾವ್ರು."

"ನಿನ್ನೆ ಮುಂಬಯಿದಾಗ ಮಲಗಿದ್ದೆ, ಮುಂಜಾನಿ ಮೈಸೂರಾಗ ಎದ್ದೆ. ಹಾಸಿಗ್ಯಾಗಿನ ತಗಣಿ ಮಾತ್ರ ಅವ ಅದಾವ ನೋಡ್ರಿ" ಎಂದಳು ನೀಲವ್ವ. ಹೆಗ್ಗಣವನ್ನು ಬಾಲ ಹಿಡಿದು ಎತ್ತಿದಳು. "ಇದು ನಿನ್ನೆ ಸತ್ತದ್ದು, ಮುಂಬಯಿ ಸರಕಾರದ್ದು. ತಿಪ್ಪಿಗೆ ಒಗಿಯೂನೊ, ಮುಂಬಯಿಗೆ ಕಳಸೂನೊ?"

ನೀಲವ್ವನ ತವರು ಚಿಕ್ಕನರಗುಂದ. ಹದಿನೈದಕ್ಕೆ ಗಂಡ ಸತ್ತ. ಮನೆಯ ಮೂಲೆಯಲ್ಲಿ ಕೂತು ಕೊಳೆಯುವುದು ಬೇಡವೆಂದು ಅಣ್ಣ ಹಠ ಹಿಡಿದು ಮುಲ್ಕಿ ಪರೀಕ್ಷೆ ಪಾಸು ಮಾಡಿಸಿ, ಹುಬ್ಬಳ್ಳಿಗೆ ಕಳಿಸಿ ಹೆರಿಗೆ ಕೆಲಸ ಕಲಿಸಿದ. ಈಗ ಅವಳಿಗೆ ಮೂವತ್ತಾರು. ಸುತ್ತಲಿನ ಹತ್ತು ಹಳ್ಳಿಗಳಲ್ಲಿ ಓಡಾಡುವ ಅರ್ಧಕ್ಕರ್ಧ ಮಕ್ಕಳ ತಲೆಯನ್ನು ಮೊದಲು ಮುಟ್ಟಿದ್ದು ಅವಳ ಕೈ. ಆ ಕೈಯನ್ನು ಎಲ್ಲರೂ ಹೊಗಳುತ್ತಿದ್ದರು. ನಾಲಿಗೆಯನ್ನು ಹೊಗಳುವವರು ಕಡಿಮೆ.

ಆ ವರ್ಷ ಚಳಿ ಜೋರಾಗಿತ್ತು. ದವಾಖಾನೆಯೆಂದರೆ ಎರಡು ಖೋಲಿ, ಒಂದು ಪಡಸಾಲೆ. ಸೂಜಿ ಕುದಿಸಲು ಬೆಳಿಗ್ಗೆ ಸ್ಟೋ ಹೊತ್ತಿಸಿದರೆ ಸಾಕು, ಕಂಬಳಿ ಹೊದ್ದ ಹತ್ತು ಮಂದಿ ಮುದುಕರು ಸುತ್ತ ಬಂದು ಕುಕ್ಕರಗಾಲಿನಲ್ಲಿ ಕೂಡುತ್ತಿದ್ದರು. ಕೇಳಿದರೆ ಎಲ್ಲರಿಗೂ ಕೆಮ್ಮು. ಕೆಮ್ಮಿ ತೋರಿಸಿ ಎಂದರೆ ಒಬ್ಬರ ಮುಖ ಒಬ್ಬರು ನೋಡುತ್ತಿದ್ದರು. ಮೋದಿನಸಾಬ ಮೂರು ದಿನ ಹಳೆಯ ಪತ್ರಿಕೆ ಬಿಡಿಸಿ ಗಟ್ಟಿಯಾಗಿ ಓದುತ್ತಿದ್ದ. ಸುಯೆಜ್ ಎಂಬ ಕಾಲುವೆಗಾಗಿ ದೊಡ್ಡ ದೊಡ್ಡ ದೇಶಗಳು ಯುದ್ಧ ಮಾಡುತ್ತಿವೆ ಎಂದು ಓದಿದಾಗ ನೀಲವ್ವ ಸೂಜಿ ತೆಗೆಯುತ್ತ ಹೇಳಿದಳು:

"ಯಾವಗಲ್ಲ ಊರವ್ರು ಹೊಲದ ಬದುವಿನ ಸಲುವಾಗಿ ತಲಿ ಒಡಕೊಂಡು ಬಂದ್ರ ನಾವು ಹೊಲಿಗಿ ಹಾಕ್ತೀವಿ. ಇವ್ರಿಗೆ ಯಾರ ಹಾಕ್ತಾರಂತ ಬರದಾರೇನು?"

ಹೀಗೆ ನಗುತ್ತಿದ್ದರೂ ಅವಳ ಎದೆಯಲ್ಲಿ ಒಂದು ಅಳುಕಿತ್ತು. ರೋಣಕ್ಕೆ ಹೋಗಿ ಬಂದವರು ಒಂದು ಸುದ್ದಿ ತಂದಿದ್ದರು. ಮೈಸೂರಿನ ನರ್ಸುಗಳೆಲ್ಲ ಇಂಗ್ಲಿಷು ಓದಿದವರಂತೆ, ಬರೀ ಮುಲ್ಕಿ ಪಾಸಾದವರನ್ನು ಮನೆಗೆ ಕಳಿಸುತ್ತಾರಂತೆ, ಹೊಸದಾಗಿ ಬರುವ ಡಾಕ್ಟರೇ ನೋಡಿ ವರದಿ ಬರೆಯುತ್ತಾರಂತೆ. ಮನೆಯೆಂದರೆ ಯಾವುದು? ಅಣ್ಣ ತೀರಿಕೊಂಡು ನಾಲ್ಕು ವರ್ಷವಾಗಿತ್ತು. ಅತ್ತಿಗೆ ಬಾಗಿಲು ತೆರೆದಾಳು, ಆದರೆ ಅರ್ಧ.

ಡಿಸೆಂಬರಿನ ಎರಡನೆಯ ವಾರ ಡಾಕ್ಟರು ಬಂದರು. ಇಪ್ಪತ್ತಾರು ಇಪ್ಪತ್ತೇಳರ ತೆಳ್ಳನೆಯ ಹುಡುಗ. ಸ್ವೆಟರು, ಕಿವಿ ಮುಚ್ಚುವ ಉಣ್ಣೆಯ ಟೊಪ್ಪಿಗೆ, ಟ್ರಂಕಿನಲ್ಲಿ ಬಟ್ಟೆಗಿಂತ ಹೆಚ್ಚು ಕಾಫಿಪುಡಿ. ಮೊದಲ ದಿನ ಮೊದಲು ಒಳಗೆ ಬಂದವಳು ಮೊಣಕಾಲು ನೋವಿನ ಫಕೀರವ್ವ. ಐವತ್ತು ದಾಟಿದ, ಊರಿಗೇ ಜೋರು ಬಾಯಿಯ ಹೆಂಗಸು. ಡಾಕ್ಟರು ಮರ್ಯಾದೆಯಿಂದ ಮಾತು ಶುರುಮಾಡಿದರು.

"ಏನಮ್ಮಾ, ತಿಂಡಿ ಆಯ್ತಾ?"

ನಮ್ಮ ಸೀಮೆಯಲ್ಲಿ ತಿಂಡಿ ಎಂದರೆ ತುರಿಕೆ. ಅದರಲ್ಲೂ ಗಂಡಸು ಹೆಂಗಸನ್ನು ಕೇಳಬಾರದ ತುರಿಕೆ. ಫಕೀರವ್ವ ಮೊಣಕಾಲು ಮರೆತು ಎದ್ದು ನಿಂತಳು.

"ತಿಂಡಿ ನಿನಗಾಗಿರಬೇಕು, ನಿಮ್ಮಪ್ಪಗಾಗಿರಬೇಕು! ಮೊಮ್ಮಕ್ಕಳ ಕಾಣೂ ವಯಸ್ಸಿನ್ಯಾಗ ನನಗ್ಯಾಕ ತಿಂಡಿ?"

ಸ್ಟೋ ಸುತ್ತ ಕೂತ ಮುದುಕರಿಗೆ ಅಂದು ಮೊದಲ ಬಾರಿ ನಿಜವಾದ ಕೆಮ್ಮು ಬಂತು. ನೀಲವ್ವ ಅವಳ ರಟ್ಟೆ ಹಿಡಿದು ಕೂರಿಸಿ, "ನಾಷ್ಟಾ ಮಾಡೀಯೇನಂತ ಕೇಳಾಕತ್ತಾರಬೇ" ಎಂದು ಸಮಾಧಾನ ಮಾಡಿದಳು. ಅದೇ ದಿನ ಮಧ್ಯಾಹ್ನ ಒಬ್ಬಾತ, ಹೆಂಡತಿ ಯಾಕೆ ಬರಲಿಲ್ಲ ಎಂದು ಕೇಳಿದ್ದಕ್ಕೆ, "ಆಕಿ ಕಡಿಗಾಗ್ಯಾಳ್ರೀ" ಎಂದ. ಮುಟ್ಟಾಗಿದ್ದಾಳೆ ಎಂಬುದು ಅವನ ಮಾತಿನ ಅರ್ಥ. ಡಾಕ್ಟರು, "ಕಡೆಗಾದರೆ ಏನಂತೆ, ಸಾಲಿನಲ್ಲಿ ನಿಂತುಕೊಳ್ಳಲಿ, ಕೊನೆಗೆ ನೋಡುತ್ತೇನೆ" ಎಂದರು.

ಅಲ್ಲಿಂದ ನೀಲವ್ವನೇ ದುಭಾಷಿಯಾದಳು. ಡಾಕ್ಟರು ಒಂದು ಮಾತು ಹೇಳಿದರೆ ಅವಳು ಮೂರು ಹೇಳುತ್ತಿದ್ದಳು. ರೋಗಿಗಳು ನಗುತ್ತಿದ್ದರು, ಡಾಕ್ಟರ ಕಿವಿ ಕೆಂಪಾಗುತ್ತಿತ್ತು.

"ಸಿಸ್ಟರ್, ನಾನು ಹೇಳಿದಷ್ಟನ್ನೇ ಹೇಳಿ. ನಿಮ್ಮ ಕಡೆಯಿಂದ ಏನೂ ಸೇರಿಸಬೇಡಿ."

"ಸೇರಸೂದಿಲ್ರಿ" ಎಂದು ಅವಳು ರೋಗಿಯ ಕಡೆ ತಿರುಗಿ, "ಇನ್ನ ಮ್ಯಾಲೆ ಏನೂ ಸೇರಸಬಾರದಂತವ್ವಾ, ಬರೇ ಔಷಧ" ಎಂದಳು. ರೋಗಿಗಳು ಮತ್ತೆ ನಕ್ಕರು.

ವಾರದ ಕೊನೆಗೆ ಡಾಕ್ಟರು ಅಚ್ಚಾದ ಒಂದು ಕಾಗದ ತೆಗೆದು ಮೇಜಿನ ಮೇಲಿಟ್ಟರು. ನೀಲವ್ವ ನಿಂತೇ ಇದ್ದಳು.

"ಓದು?"

"ಮುಲ್ಕೀರಿ."

"ಹಾಗಂದರೆ?"

"ಏಳನೇ ಇಯತ್ತೆ ಪಾಸರಿ. ಅದ್ರ ಮ್ಯಾಲೆ ಹುಬ್ಬಳ್ಳ್ಯಾಗ ಹೆರಿಗಿ ಕಲತೀನಿ."

"ಇಂಗ್ಲಿಷು?"

"ಪುಶ್ ಅನ್ನೂದು ಬರ್ತೈತ್ರಿ. ನನ್ನ ಕೆಲಸಕ್ಕ ಇಲ್ಲೀತನಕ ಅದ ಸಾಕಾಗೇತಿ."

ಡಾಕ್ಟರು ನಗಲಿಲ್ಲ. ಏನೋ ಬರೆದು ಕಾಗದ ಮಡಿಚಿ ಡ್ರಾಯರಿಗೆ ಹಾಕಿ ಬೀಗ ತಿರುವಿದರು. ಆ ಸಂಜೆ ನೀಲವ್ವ ಎರಡು ರೊಟ್ಟಿ ಬಡಿದು ಬುಟ್ಟಿಯಲ್ಲಿಟ್ಟಳು. ತಿನ್ನಲಾಗಲಿಲ್ಲ. ಇಂಥ ಹೊತ್ತಿನಲ್ಲಾದರೂ ನಾಲಿಗೆ ಹಿಡಿಯಬಾರದಿತ್ತೇ ಎಂದು ತನ್ನನ್ನೇ ಬೈದುಕೊಂಡಳು. ಬೈಗುಳ ಚೆನ್ನಾಗಿಯೇ ಬಂದವು.

ಎಳ್ಳ ಅಮಾವಾಸ್ಯೆ ಬಂತು. ಊರಿಗೆ ಊರೇ ಬುತ್ತಿ ಕಟ್ಟಿಕೊಂಡು, ಬಂಡಿ ಹೂಡಿಕೊಂಡು ಹೊಲಕ್ಕೆ ಹೋಗಿ, ಬೆಳೆದು ನಿಂತ ಜೋಳಕ್ಕೆ ನೈವೇದ್ಯದ ಚರಗ ಚೆಲ್ಲಿ, ಅಲ್ಲೇ ಕೂತು ಉಣ್ಣುವ ದಿನ. ಗಜೇಂದ್ರಗಡದಲ್ಲಿ ಕಾಳಿನ ವ್ಯಾಪಾರ ಮಾಡುವ ಮಹಾಲಿಂಗಪ್ಪನವರ ಹೊಲ ಮುಶಿಗೇರಿಯ ಪಕ್ಕದಲ್ಲಿತ್ತು. ರಾಜ್ಯ ಒಂದಾದಾಗಿನಿಂದ ಅವರಿಗೆ ಭಾಷಣದ ಹುಚ್ಚು ಹಿಡಿದಿತ್ತು. ಯಾವುದೋ ಸಭೆಯಲ್ಲಿ ಹೊದಿಸಿದ ಜರಿಯಂಚಿನ ಬಿಳಿ ಶಾಲನ್ನು ಸ್ನಾನಕ್ಕಷ್ಟೇ ತೆಗೆಯುತ್ತಾರೆಂದು ಜನ ಆಡಿಕೊಳ್ಳುತ್ತಿದ್ದರು. ಮೈಸೂರು ಡಾಕ್ಟರಿಗೆ ಮರ್ಯಾದೆ ಮಾಡಬೇಕೆಂದು ಅವರು ದವಾಖಾನೆಯವರನ್ನೆಲ್ಲ ಹೊಲಕ್ಕೆ ಕರೆದರು.

ಬನ್ನಿಗಿಡದ ಕೆಳಗೆ ಐದು ಕಲ್ಲು ಇಟ್ಟು ಪೂಜೆಯಾಯಿತು. "ಹುಲ್ಲುಲ್ಲಿಗೋ" ಎಂದು ಕೂಗುತ್ತ ಗಂಡಸರು ಹೊಲದ ಸುತ್ತ ಚರಗ ಚೆಲ್ಲಿ ಬಂದರು. ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಕಡಬು, ಎಣ್ಣೆಗಾಯಿ, ಶೇಂಗಾ ಹೋಳಿಗೆ ಎಲ್ಲ ಸಾಲಾಗಿ ಬಿಚ್ಚಿಟ್ಟಿತ್ತು. ಊಟಕ್ಕೆ ಮೊದಲು ಎರಡು ಮಾತು ಎಂದು ಮಹಾಲಿಂಗಪ್ಪನವರು ಎದ್ದರು. ಎರಡು ಮಾತು ಅರ್ಧ ತಾಸಾಯಿತು. "ಹರಿದು ಹಂಚಿ ಹೋಗಿದ್ದ ತಾಯಿ ಒಂದಾಗ್ಯಾಳ" ಎಂದು ಅವರು ಕೈ ಎತ್ತಿದ ಹೊತ್ತಿಗೆ ಜೋಳದ ಸಾಲಿನೊಳಗಿಂದ ಒಂದು ಚೀರಾಟ ಕೇಳಿಸಿತು.

ಕೂಗಿದವಳು ಕರೆವ್ವ, ಫಕೀರವ್ವನ ತುಂಬು ಬಸುರಿ ಸೊಸೆ. ಇನ್ನೂ ಎಂಟು ದಿನ ಅದಾವೆಂದು ಅತ್ತೆ ಲೆಕ್ಕ ಹಾಕಿ ಪಕ್ಕದ ಹೊಲಕ್ಕೆ ಬಂಡಿಯಲ್ಲಿ ಕರೆತಂದಿದ್ದಳು. ನೀಲವ್ವ ಮದುವೆಗೆ ಹೋದರೂ ಹೆರಿಗೆಯ ಚೀಲ ಬಿಟ್ಟು ಹೋಗುವವಳಲ್ಲ. ಕರೆವ್ವನನ್ನು ಬಂಡಿಯ ನೆರಳಿಗೆ ತಂದು, ಸುತ್ತ ಮರೆಗೆ ಕೌದಿ ಕಟ್ಟಿಸಿ, ಕೈ ತೊಳೆದು ಪರೀಕ್ಷೆ ಮಾಡಿದಳು. ಬೆರಳಿಗೆ ತಲೆ ಸಿಗಲಿಲ್ಲ. ಮೆತ್ತನೆಯದೇನೋ ಸಿಕ್ಕಿತು.

ಕೌದಿಯಾಚೆಯಿಂದ ಮಹಾಲಿಂಗಪ್ಪನವರು ಕೇಳಿದರು: "ಏನಾತ್ರೀ ಬಾಯಾರ?"

"ಕೂಸು ನಿಮ್ಮ ಭಾಷಣ ಕೇಳಾಕ ಬಂದೈತ್ರಿ. ಆದ್ರ ಕುಂಡಿ ಮುಂದ ಮಾಡಿ ಬರಾಕತ್ತೈತಿ."

ದೊಡ್ಡ ದವಾಖಾನೆಯಿದ್ದ ಗಜೇಂದ್ರಗಡ ಬಂಡಿಯ ದಾರಿಯಲ್ಲಿ ಮೂರು ತಾಸು. ಅಷ್ಟು ಸಮಯ ಇರಲಿಲ್ಲ. ಡಾಕ್ಟರು ಓಡಿ ಬಂದರು. ಫಕೀರವ್ವ ಕೌದಿಯ ಮುಂದೆ ಕೈಚಾಚಿ ನಿಂತಳು.

"ಗಂಡಸ ಒಳಗ ಬರಂಗಿಲ್ಲ. ಹೊರಗಿಂದ ಏನ್ ಹೇಳ್ತಿ ಹೇಳು."

ಡಾಕ್ಟರು ಕೌದಿಯ ಅಂಗೈ ಅಗಲದ ಹರಕಿನಲ್ಲಿ ಬಾಯಿಟ್ಟು ಹೇಳತೊಡಗಿದರು. "ಸಿಸ್ಟರ್, ಸೊಂಟ ಬಂದ ಮೇಲೆ ಮುಟ್ಟಬೇಡಿ! ಎಳೀಬೇಡಿ! ತಾನಾಗಿಯೇ ಇಳಿಯಲಿ!"

"ಯಾಕ ಬೇಡಿ ಬೇಡಿ ಅಂತಾನ ಇಂವ? ಪೊಲೀಸರು ಬಂದಾರೇನು?" ಎಂದಳು ಫಕೀರವ್ವ.

"ಜಗ್ಗಬ್ಯಾಡ ಅಂತಾರಬೇ. ನೀ ಆಕಿ ಬೆನ್ನಿಗೆ ಕೂಡು."

ಕಾಲು ಬಂದವು, ಹೊಟ್ಟೆ ಬಂತು. ನೀಲವ್ವ ಕೈ ಬಿಟ್ಟು ಕಾದಳು. ಕಾಯುವುದೇ ಆ ಕೆಲಸದ ಅತಿ ಕಷ್ಟದ ಭಾಗ. ಒಂದು ತೋಳು ಸಿಕ್ಕಿಕೊಂಡಿತ್ತು. ಬೆರಳು ಜಾರಿಸಿ, ಮುಖದ ಮೇಲಿಂದ ಒರೆಸಿದ ಹಾಗೆ ಅದನ್ನು ಕೆಳಗೆ ತಂದಳು. ಇನ್ನು ಉಳಿದದ್ದು ತಲೆ. ತಲೆ ಬರಲಿಲ್ಲ. ಕರೆವ್ವ ದಣಿದಿದ್ದಳು, ಕೂಸಿನ ಬಣ್ಣ ಬದನೆಕಾಯಿಯಂತಾಗುತ್ತಿತ್ತು. ಮೇಲಿನಿಂದ ಹೊಟ್ಟೆ ಒತ್ತಲು ಗೊತ್ತಿರುವ ಇನ್ನೊಂದು ಜೋಡಿ ಕೈ ಬೇಕಾಗಿತ್ತು.

"ಡಾಕ್ಟ್ರ, ಒಳಗ ಬರ್ರಿ."

"ನೋಡ ಮತ್ತ, ನಾನು ಮೊದಲ ಹೇಳೀನಿ..." ಎಂದು ಫಕೀರವ್ವ ಏಳಹೋದಳು.

ಅಷ್ಟು ಹೊತ್ತು ಹಲ್ಲು ಕಚ್ಚಿಕೊಂಡಿದ್ದ ಕರೆವ್ವ, ಮದುವೆಯಾಗಿ ಬಂದ ಮೂರು ವರ್ಷಗಳಲ್ಲಿ ಅತ್ತೆಯೆದುರು ದನಿಯೆತ್ತದ ಕರೆವ್ವ, ಹೊಲದ ಆ ತುದಿಗೆ ಕೇಳುವಂತೆ ಒದರಿದಳು:

"ಡಾಕ್ಟರ ಬರ್ಲಿ, ಹುಲಿ ಬರ್ಲಿ, ನಿನ್ನ ಸತ್ತ ಗಂಡನ ಎದ್ದ ಬರ್ಲಿ! ನನಗೇನ ಆಗಬೇಕಾಗೇತಿ? ಮೊದಲ ಹೊರಗ ತಗೀರಿ!"

ಫಕೀರವ್ವ ಮತ್ತೆ ಸೊಸೆಯ ಬೆನ್ನಿಗೆ ಕೂತಳು. ಡಾಕ್ಟರು ಒಳಗೆ ಬಂದರು. ಕೈ ಎಲ್ಲಿಡಬೇಕೆಂದು ಅವರಿಗೆ ಗೊತ್ತಿತ್ತು. ನೀಲವ್ವ ಕೂಸನ್ನು ತೋಳಿನ ಮೇಲೆ ಮಲಗಿಸಿಕೊಂಡು ಬೆರಳಿನಿಂದ ಗದ್ದ ಎದೆಗೆ ಬಾಗಿಸಿದಳು. ಡಾಕ್ಟರು ಮೇಲಿನಿಂದ ಒತ್ತಿದರು. "ಈಗ" ಎಂದರು. "ಈಗರಿ" ಎಂದಳು. ತಲೆ ಬಂತು.

ಹೆಣ್ಣುಕೂಸು. ಅಳಲಿಲ್ಲ. ನೀಲವ್ವ ಬಾಯೊಳಗಿನ ಲೋಳೆ ತೆಗೆದು ಕೌದಿಯಾಚೆ ಕೈ ಚಾಚಿದಳು.

"ಬೆಚ್ಚಗಿನ ಅರಿವಿ ಕೊಡ್ರಿ, ಲಗೂ!"

ಯಾರೂ ಏನೂ ಕೊಡಲಿಲ್ಲ. ಬಟ್ಟೆಗಳಿಗೆಲ್ಲ ಎಣ್ಣೆಗಾಯಿಯ ಎಣ್ಣೆ, ಬಂಡಿಯ ಮಣ್ಣು. ನೀಲವ್ವ ಹೊರಗೆ ಇಣುಕಿ, ಎದುರಿಗೇ ನಿಂತಿದ್ದ ಮಹಾಲಿಂಗಪ್ಪನವರ ಹೆಗಲ ಮೇಲಿನ ಶಾಲನ್ನು ಕೇಳದೆ ಎಳೆದುಕೊಂಡಳು. ಅವರು "ಬಾಯಾರ, ಅದು ಸತ್ಕಾರದ್ದು..." ಎಂದರು. ಅಷ್ಟರಲ್ಲಿ ಅದು ಕೂಸಿನ ಮೈ ತಿಕ್ಕುತ್ತಿತ್ತು. ಡಾಕ್ಟರು ಕೂಸಿನ ಮುಖಕ್ಕೆ ಬಾಯಿ ಹಚ್ಚಿ ಮೆಲ್ಲಗೆ ಉಸಿರು ಊದಿದರು. ಮೂರು ಸಲ, ನಾಲ್ಕು ಸಲ. ಐದನೆಯದಕ್ಕೆ ಕೂಸು ಮುಖ ಸಿಂಡರಿಸಿ, ಅಜ್ಜಿಯ ಗಂಟಲಿನಲ್ಲಿಯೇ ಅತ್ತಿತು.

ಫಕೀರವ್ವ ಅಳುತ್ತ ಡಾಕ್ಟರ ಗಲ್ಲ ಹಿಡಿದು ಲಟಿಕೆ ಮುರಿದಳು. "ಮೂಳ, ಚಲೋ ಹುಡುಗ ಅದೀ. ಮಾತ ಒಂದ ಬರೂದಿಲ್ಲ" ಎಂದಳು.

ಎಲ್ಲ ಮುಗಿದ ಮೇಲೆ ಡಾಕ್ಟರು, ನೀಲವ್ವ ಬನ್ನಿಗಿಡದ ಕೆಳಗೆ ಕೂತು ತಣ್ಣಗಾದ ಊಟ ಉಂಡರು. ಡಾಕ್ಟರು ಹೇಳಿದರು:

"ಸಿಸ್ಟರ್, ಇಂಥ ಹೆರಿಗೆಯನ್ನು ನಾನು ಪುಸ್ತಕದಲ್ಲಿ ಮಾತ್ರ ನೋಡಿದ್ದೆ."

"ನಾನು ಪುಸ್ತಕದಾಗ ಬಿಟ್ಟು ಉಳದಲ್ಲೆಲ್ಲಾ ನೋಡೀನ್ರಿ. ಆದ್ರೂ ಇವತ್ತ ಒಬ್ಬಾಕೇ ಇದ್ದಿದ್ರ ಕೂಸು ಉಳೀತಿರಲಿಲ್ಲ."

ಹೇಳಿ ಮುಗಿಸಿ ದೊಡ್ಡದೊಂದು ಕಡಬು ಬಾಯಿಗೆ ತುರುಕಿಕೊಂಡಳು.

ಮರುದಿನ ಡಾಕ್ಟರು ಡ್ರಾಯರು ತೆಗೆದು, ಹಳೆಯ ಕಾಗದ ಹರಿದು ಬುಟ್ಟಿಗೆ ಹಾಕಿ, ಹೊಸದೊಂದು ತುಂಬಿದರು. ಈ ಸಲ ಓದಲು ಅವಳ ಕೈಗೇ ಕೊಟ್ಟರು. ಅದು ಇಂಗ್ಲಿಷಿನಲ್ಲಿತ್ತು. ನೀಲವ್ವ ತಿರುಗಿಸಿ ಮುರುಗಿಸಿ ನೋಡಿ, "ಪುಶ್ ಎಲ್ಲೂ ಕಾಣೂದಿಲ್ಲಲ್ರಿ" ಎಂದಳು. ಡಾಕ್ಟರು ಮುಶಿಗೇರಿಗೆ ಬಂದ ಮೇಲೆ ಮೊದಲ ಸಲ ಹೊಟ್ಟೆ ತುಂಬ ನಕ್ಕರು. ನಂತರ ಒಂದೊಂದೇ ಸಾಲನ್ನು ಕನ್ನಡದಲ್ಲಿ ಹೇಳಿದರು. ಅವಳು ನೆಲ ನೋಡುತ್ತ ಕೇಳಿದಳು. ಎಲ್ಲವೂ ಅವಳನ್ನು ಹೊಗಳುವ ಮಾತುಗಳೇ. "ಸ್ಟೋ ಹಚ್ಚಬೇಕ್ರಿ" ಎಂದು ಹೊರಗೆ ಹೋದಳು. ಸ್ಟೋ ಆಗಲೇ ಉರಿಯುತ್ತಿತ್ತು.

ನೀಲವ್ವನನ್ನು ಯಾರೂ ಮನೆಗೆ ಕಳಿಸಲಿಲ್ಲ. ಯುಗಾದಿಯ ಹೊತ್ತಿಗೆ ಡಾಕ್ಟರಿಗೇ ಶಿವಮೊಗ್ಗದ ಕಡೆ ವರ್ಗವಾಯಿತು. ಅಷ್ಟರಲ್ಲಿ ಅವರು "ಹ್ಯಾಂಗದೀಬೇ" ಎಂದು ಹೆಂಗಸರನ್ನು ಕೇಳಲು ಕಲಿತಿದ್ದರು, ಗಂಡಸರನ್ನೂ ಹಾಗೆಯೇ ಕೇಳುತ್ತಿದ್ದರು. ಯಾರೂ ತಿದ್ದಲಿಲ್ಲ.

ಬಸ್ಸಿಗೆ ಹತ್ತಿಸಲು ಬಂದವರಲ್ಲಿ ಕರೆವ್ವ ಇದ್ದಳು, ತೋಳಿನಲ್ಲಿ ಮೂರು ತಿಂಗಳ ಕೂಸು. ಮಹಾಲಿಂಗಪ್ಪನವರು ಅದಕ್ಕೆ ಏಕೀಕರಣವ್ವ ಎಂದು ಹೆಸರಿಡಲು ಹೇಳಿ ಕಳಿಸಿದ್ದರು. ಆ ಹೆಸರು ಹೇಳಿ ಮುಗಿಸುವಷ್ಟರಲ್ಲಿ ಬಂಡಿ ಊರು ಮುಟ್ಟುತ್ತದೆ ಎಂದು ಕರೆವ್ವ ಬೇಡವೆಂದಳು, ಕಲ್ಲವ್ವ ಎಂದು ಕರೆದಳು. ಡಾಕ್ಟರು ಕಿಟಕಿಯಿಂದ ಕೈ ಹೊರಗೆ ಚಾಚಿದರು. ಕಲ್ಲವ್ವ ಅವರ ಬೆರಳು ಹಿಡಿದು ಬಾಯಿಗೆ ಹಾಕಿಕೊಂಡಳು. ಬಸ್ಸು ಹೊರಟರೂ ಬಿಡಲಿಲ್ಲ. ಕರೆವ್ವನ ಜೊತೆ ನೀಲವ್ವನೂ ಬಸ್ಸಿನ ಪಕ್ಕ ನಾಲ್ಕು ಹೆಜ್ಜೆ ಓಡಿ ಬಿಡಿಸಬೇಕಾಯಿತು.