ಲಿಂಬೆಕಾಯಿ ನಿಂತ ಕೈ

ರೇಣುಕಾಳಿಗೆ ಲಗ್ನವೇ ಆಗಿಲ್ಲ ಎಂಬ ಸಂಶಯ ನನಗೆ ಬಂದದ್ದು, ಅವಳು ಗಂಡನ ಹೆಸರು ಹೇಳಿದ ರೀತಿಯಿಂದ.

ಇಂಡಿಯಲ್ಲಿ ರಾವಸಾಬ ಸಾಹುಕಾರರ ಶೆಡ್ಡಿನಲ್ಲಿ ನಾವು ಹೆಂಗಸರು ಲಿಂಬೆಕಾಯಿ ಆರಿಸುತ್ತಿದ್ದೆವು. ದಪ್ಪನವು ಒಂದು ಕಡೆ, ಸಣ್ಣವು ಒಂದು ಕಡೆ, ಹಳದಿಗೆ ತಿರುಗಿದವು ಬೇರೆ. ನಬಿಲಾಲ ಚೀಲ ತುಂಬಿ ಬಾಯಿ ಹೊಲಿಯುತ್ತಿದ್ದ. ಸಂಜೆ ಪರಸಪ್ಪನ ಲಾರಿ ಬಂದು ಒಯ್ಯುತ್ತಿತ್ತು. ಶಾಲೆ ಬಿಟ್ಟ ಮೇಲೆ ನಾನು ಅಲ್ಲಿಗೆ ಸೇರಿದ್ದೆ. ನನಗೆ ಮಾತು ಕಡಿಮೆ. ಮಾತಾಡದವರ ಎದುರು ಜನ ಏನನ್ನೂ ಮುಚ್ಚಿಡುವುದಿಲ್ಲ.

ನಮ್ಮೆಲ್ಲರ ಮೇಲೆ ಸುಮಿತ್ರಾಬಾಯಿ. ರೇಣುಕಾ ಮಸೂತಿ ಎಂಬ ಊರಿನಿಂದ ಕೆಲಸ ಕೇಳಿಕೊಂಡು ಬಂದಾಗ, ತನ್ನ ಮನೆಯ ಹಿಂದಿನ ಖೋಲಿಯನ್ನು ಅವಳಿಗೆ ಬಾಡಿಗೆಗೆ ಕೊಟ್ಟವಳೂ ಆಕೆಯೇ.

"ಗಂಡ ಎಲ್ಲಿ ಅದಾನವ್ವಾ?"

"ಆಲಮಟ್ಟ್ಯಾಗ್ರಿ. ಡ್ಯಾಮಿನ ಕೆಲಸದಾಗ ಅದಾರ."

"ಹೆಸರು?"

"ಶ್ರೀಶೈಲ್ರಿ."

ನನ್ನ ಕೈಯೊಳಗಿನ ಕಾಯಿ ಅಲ್ಲೇ ನಿಂತಿತು. ನಮ್ಮಲ್ಲಿ ಲಗ್ನವಾದವಳು ಗಂಡನ ಹೆಸರನ್ನು ಹೀಗೆ ಅಂಗಡಿಯಲ್ಲಿ ಉಪ್ಪು ಕೇಳಿದಂತೆ ಹೇಳುವುದಿಲ್ಲ. ಪಕ್ಕದವರಿಂದ ಹೇಳಿಸುತ್ತಾಳೆ, ಇಲ್ಲವೇ ಎರಡು ಸಾಲಿನ ಪ್ರಾಸದ ಒಡಪು ಕಟ್ಟಿ, ಅದರೊಳಗೆ ಹೆಸರನ್ನಿಟ್ಟು ಹೇಳಿ ನಾಚಿಕೊಳ್ಳುತ್ತಾಳೆ. ಸುಮಿತ್ರಾಬಾಯಿ ಬಾಯೊಳಗಿನ ಎಲೆಯಡಿಕೆಯನ್ನು ಒಂದು ದವಡೆಯಿಂದ ಇನ್ನೊಂದಕ್ಕೆ ದಾಟಿಸಿದಳು, ಅಷ್ಟೇ.

ಕೆಲ ದಿನಗಳ ಮೇಲೆ ನಬಿಲಾಲ ಕೇಳಿದ, "ತಂಗಿ, ನಮ್ಮ ಮಾವ ಆಲಮಟ್ಟ್ಯಾಗ ಮೀನು ಹಿಡಿತಾನ. ನಿಮ್ಮ ಮನಿಯವರ ಹೆಸರು ಹೇಳು, ಭೇಟಿ ಆಗಾಕ ಹೇಳ್ತೇನಿ."

ರೇಣುಕಾ ಬುಟ್ಟಿಯತ್ತ ಬಗ್ಗಿದಳು. "ಅನೀಲಕುಮಾರ ಅಂತ್ರಿ."

ಕೈತೊಳೆಯುವ ನಳದ ಹತ್ತಿರ ಅವಳೊಬ್ಬಳೇ ಸಿಕ್ಕಾಗ ನಾನು ಮೆಲ್ಲಗೆ ಅಂದೆ, "ಅಕ್ಕಾ, ಸುಮಿತ್ರಾಬಾಯಾರಿಗೆ ಒಂದು ಹೆಸರು ಹೇಳಿದಿ, ನಬಿಲಾಲಣ್ಣಗ ಇನ್ನೊಂದು ಹೇಳಿದಿ."

ಅವಳು ನನ್ನ ಮುಂಗೈ ಹಿಡಿದಳು. ನಳ ಹರಿಯುತ್ತಲೇ ಇತ್ತು.

"ಯಾರಿಗೂ ಹೇಳಬ್ಯಾಡ ಜಯಾ. ಒಂಟಿ ಹೆಣ್ಣಿಗೆ ಖೋಲಿ ಯಾರು ಕೊಡ್ತಾರ? ತಾಳಿ ನಾನs ಕೊಂಡು ಹಾಕ್ಕೊಂಡೇನಿ, ಗಂಡನ ಹೆಸರು ಬಾಯಿಗೆ ಬಂದಂಗ ಹೇಳೇನಿ. ಈ ಖೋಲಿ ಹೋದ್ರ ಅಣ್ಣನ ಮನಿಗೆ ಹೋಗಬೇಕು. ಅಲ್ಲಿ ವೈನಿ ನನ್ನ ತನ್ನ ತಮ್ಮಗ ಕಟ್ಟಾಕ ಕುಂತಾಳ. ಹೇಂತಿ ಸತ್ತಾಂವ, ದಿನಾ ಕುಡಿತಾನ."

ನಾನು ಹೂಂ ಎಂದೆ. ಆದರೂ ಆಮೇಲೆ ಅವಳನ್ನು ನೋಡುವುದನ್ನು ಬಿಡಲಿಲ್ಲ. ಇದಾದರೂ ನಿಜವೋ ಅಲ್ಲವೋ ಎಂದು ಒಳಗೊಳಗೇ ಅನಿಸುತ್ತಿತ್ತು.

ಮಧ್ಯಾಹ್ನ ಊಟವಾದ ಮೇಲೆ ನಮ್ಮದೊಂದು ಆಟವಿತ್ತು. ಸುತ್ತಾಗಿ ಕೂಡುವುದು. ಒಂದು ಲಿಂಬೆಕಾಯಿ ಕೈಯಿಂದ ಕೈಗೆ ಓಡಬೇಕು. ಒಬ್ಬರು ನಮಗೆ ಬೆನ್ನು ಮಾಡಿ ಕೂತು ಡಬ್ಬಿ ಬಡಿಯುತ್ತಾರೆ. ಬಡಿತ ನಿಂತಾಗ ಕಾಯಿ ಯಾರ ಕೈಯಲ್ಲಿದೆಯೋ ಅವರು ಒಡಪಿನಲ್ಲಿ ಗಂಡನ ಹೆಸರು ಹೇಳಬೇಕು. ಲಗ್ನವಾಗದ ನಾನು ಕಾಯಿ ದಾಟಿಸುವುದಕ್ಕಷ್ಟೇ. ನನ್ನಲ್ಲಿ ನಿಂತರೆ ಆಟ ಮತ್ತೆ ಮೊದಲಿನಿಂದ.

ಆ ದಿನ ಡಬ್ಬಿಯನ್ನು ಸುಮಿತ್ರಾಬಾಯಿ ತಾನೇ ಕೇಳಿ ತೆಗೆದುಕೊಂಡಳು. ಎಂದೂ ಬಡಿಯದವಳು ಇಂದೇಕೆ? "ನಬಿಲಾಲ, ಹೊಲಿಯೂದು ಬಿಟ್ಟು ನೀನೂ ಬಾ. ಹೆಸರು ಕೇಳು," ಎಂದು ಅವನನ್ನೂ ಕರೆದಳು.

ಮೊದಲ ಸಲ ಕಾಯಿ ಮುದುಕಿ ತಿಪ್ಪವ್ವನಲ್ಲಿ ನಿಂತಿತು. ಅವಳು ಸೆರಗು ಸರಿಮಾಡಿಕೊಂಡು ಶುರು ಮಾಡಿದಳು:

"ಜೋಳದ ರೊಟ್ಟಿ, ಬೆಳ್ಳುಳ್ಳಿ ಖಾರ,
ಸಿದ್ದರಾಯರು ಉಂಡು ಮಲಗಿದ್ರ ಏಳೂದು ಬರೂ ಸೋಮವಾರ!"

"ಅದಕ್ಕs ನಿಮ್ಮ ಹೊಲದಾಗ ಕಸ ಬೆಳದೈತಿ!" ಎಂದು ಯಾರೋ ಅಂದರು. ಎಲ್ಲರೂ ಬಿದ್ದು ಬಿದ್ದು ನಕ್ಕರು. ಸುಮಿತ್ರಾಬಾಯಿ ನಗಲಿಲ್ಲ.

ನಾನು ನೀರು ಕೊಡುವ ನೆವದಿಂದ ಅವಳ ಮುಂದೆ ಹೋದೆ. ತೊಡೆಗೆ ಆನಿಸಿ ಊಟದ ಡಬ್ಬಿಯ ಸ್ಟೀಲಿನ ಮುಚ್ಚಳ ನಿಲ್ಲಿಸಿಕೊಂಡಿದ್ದಳು. ಫಳಫಳ ಹೊಳೆಯುವಂತೆ ತಿಕ್ಕಿದ್ದು. ಅದರೊಳಗೆ ನಮ್ಮ ಸುತ್ತು ಇಡಿಯಾಗಿ ಕಾಣುತ್ತಿತ್ತು, ನಡುವೆ ರೇಣುಕಾಳ ಹಸಿರು ಸೀರೆ.

ಬಂದು ರೇಣುಕಾಳ ಪಕ್ಕದಲ್ಲಿ ಕೂತೆ. ಹೇಳಲು ಸಮಯವಿರಲಿಲ್ಲ. ಡಬ್ಬಿ ಆಗಲೇ ಬಡಿಯತೊಡಗಿತ್ತು. ರೇಣುಕಾ ಶ್ರೀಶೈಲ ಎಂದರೆ ನಬಿಲಾಲ ಕೇಳುತ್ತಾನೆ, ಅನೀಲಕುಮಾರ ಎಂದರೆ ಸುಮಿತ್ರಾಬಾಯಿ ಕೇಳುತ್ತಾಳೆ. ಯಾವುದನ್ನು ಹೇಳಿದರೂ ಸಂಜೆಯೊಳಗೆ ಖೋಲಿಯಿಂದ ಅವಳ ಗಂಟುಮೂಟೆ ಹೊರಗೆ.

ಕಾಯಿ ಒಂದು ಸುತ್ತು ಬಂತು. ಮತ್ತೆ ಬಂತು. ರೇಣುಕಾಳ ಬೆರಳು ತಾಗಿದ್ದೇ ಬಡಿತ ಗಕ್ಕನೆ ನಿಂತಿತು.

ನಾನು ಅವಳ ಕೈಯಿಂದ ಕಾಯಿಯನ್ನು ಕಸಿದುಕೊಂಡೆ.

ಸುಮಿತ್ರಾಬಾಯಿ ತಿರುಗಿದಳು. "ಏ ಜಯಾ! ಕಾಯಿ ಆಕಿ ಕೈಯಾಗಿತ್ತು!"

"ಬೆನ್ನು ಮಾಡಿ ಕುಂತಾಕಿಗೆ ಅದು ಹೆಂಗ ಕಂಡೀತs ಸುಮಿತ್ರಾ?" ಎಂದಳು ತಿಪ್ಪವ್ವ. "ಬೆನ್ನಿಗೂ ಕಣ್ಣು ಬಂದಾವೇನು?"

ಸುಮಿತ್ರಾಬಾಯಿ ಮುಚ್ಚಳವನ್ನು ಸೆರಗಿನೊಳಗೆ ಸೇರಿಸಿದಳು. "ಹಂಗಾರ ಇನ್ನೊಮ್ಮೆ ಆಡೂಣು. ಜಯಾಗ ಗಂಡ ಇಲ್ಲ," ಎಂದು ಮತ್ತೆ ಡಬ್ಬಿಗೆ ಕೈಹಾಕಿದಳು.

ಇನ್ನೊಮ್ಮೆ ಆಡಿದರೆ ಮತ್ತೆ ರೇಣುಕಾಳ ಹತ್ತಿರವೇ ನಿಲ್ಲುತ್ತಿತ್ತು. ಆಟವೇ ಮುರಿಯಬೇಕಿತ್ತು. ಗೋಡೆಗೆ ಒಟ್ಟಿದ ಚೀಲಗಳು ಕಂಡವು. ಅವನ್ನು ಒಯ್ಯುವ ಲಾರಿ ನೆನಪಾಯಿತು, ಲಾರಿಯಿಂದ ಒಂದು ಹೆಸರು.

"ನಾ ಹೇಳ್ತೇನಿ," ಎಂದೆ.

"ಆಲಮೇಲದ ಕಬ್ಬು, ಇಂಡಿಯ ಲಿಂಬಿ,
ಪರಸಪ್ಪನ ಹೆಸರು ಹೇಳ್ತೇನಿ ನಿಮ್ಮನ್ನೆಲ್ಲಾ ನಂಬಿ."

ಶೆಡ್ಡಿನಲ್ಲಿ ಒಮ್ಮೆಗೇ ಎದ್ದಿತು ಗದ್ದಲ.

"ಯಾಂವ, ಲಾರಿ ಪರಸ್ಯಾನ?"

"ಅಬಬಬಾ, ಮಾತs ಬರೂದಿಲ್ಲ ಅಂದ್ಕೊಂಡಿದ್ವಿ!"

"ದಿನಾ ಹಾರ್ನ್ ಯಾಕ ಮೂರು ಸಲ ಹೊಡಿತಾನಂತ ಈಗ ತಿಳೀತು!" ಎಂದ ನಬಿಲಾಲ.

ಡಬ್ಬಿ ಮೂಲೆಗೆ ಉರುಳಿತು. ರೇಣುಕಾಳ ಗಂಡನ ನೆನಪು ಯಾರಿಗೂ ಉಳಿಯಲಿಲ್ಲ. ಸುಮಿತ್ರಾಬಾಯಿಯ ಕಣ್ಣು ಮಾತ್ರ ನನ್ನ ಮೇಲೆ ನೆಟ್ಟಿತ್ತು, ಅಷ್ಟು ದಿನ ರೇಣುಕಾಳ ಮೇಲಿದ್ದ ಅದೇ ನೋಟ.

"ಚಲೋ ಆತು. ನಿಮ್ಮವ್ವಗ ಹೇಳ್ತೇನಿ ತಡಿ," ಎಂದು ನನ್ನನ್ನು ಬೈದು, ರೇಣುಕಾಳತ್ತ ತಿರುಗಿದಳು. "ನೋಡವ್ವಾ ರೇಣುಕಾ, ನೀ ಲಗ್ನಾದಾಕಿ, ಸಂಸಾರ ಬಲ್ಲಾಕಿ. ಇವತ್ತಿನಿಂದ ಲಾರಿ ಬರೂ ಹೊತ್ತಿಗೆ ಇಕಿ ಮಗ್ಗಲದಾಗ ನೀನs ನಿಂದರು. ಒಂದು ಕಣ್ಣಿಟ್ಟಿರು."

ರೇಣುಕಾ ತಲೆಯ ಮೇಲೆ ಸೆರಗು ಎಳೆದುಕೊಂಡಳು. ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು.

"ಹೂಂರಿ ಅಕ್ಕಾರ," ಎಂದಳು. "ಈಗಿನ ಹುಡಿಗ್ಯಾರನ್ನ ನಂಬಾಕ ಬರೂದಿಲ್ರಿ."