ಮಗ್ಗ ನಿಂತ ಮಧ್ಯಾಹ್ನ

ಬನಹಟ್ಟಿಯ ಆ ನೇಕಾರ ಓಣಿಯಲ್ಲಿ ಗಟಾರ ಕಟ್ಟಿಕೊಳ್ಳುವುದು ಹೊಸದೇನಲ್ಲ. ಬಣ್ಣದ ನೀರು, ಬಚ್ಚಲ ನೀರು ಒಂದಾಗಿ ತಾರವ್ವನ ಹೊಸ್ತಿಲು ದಾಟಿ ಒಲೆಯವರೆಗೂ ಬರುತ್ತಿತ್ತು. ತಾರವ್ವ, ಹುಲೆಪ್ಪನ ಮಗ್ಗಗಳಿಗೆ ಕಂಡಿಕೆ, ಅಂದರೆ ಲಾಳಿಯ ನೂಲುಸುರುಳಿ, ಸುತ್ತಿ ಬದುಕುವ ಹೆಂಗಸು. ಓಣಿಯ ಹಿರಿಯನೆನಿಸಿದ ಹುಲೆಪ್ಪ ಆಕೆಗೆ ಮಾತು ಕೊಟ್ಟಿದ್ದ: "ಈ ಸಲ ಗಟಾರ ಮಾಡಿಸದ ಬಿಡೂದಿಲ್ಲ, ತಾರವ್ವ."

ಮಾತಿನಂತೆ ಜನರನ್ನು ಕೂಡಿಸಿಕೊಂಡು ನಗರಸಭೆಗೆ ಹೋಗಿ, "ನಾವು ಕಟ್ಟಿದ ಕರ ಎಲ್ಲಿ ಹೋತ್ರಿ?" ಎಂದು ಮೇಜು ಗುದ್ದಿಯೂ ಬಂದ. ಅಲ್ಲಿನವರು ಅರ್ಜಿ ತೆಗೆದುಕೊಂಡು, "ಆಸ್ತಿ ಅಳತಿಗೂ ನಾಳಿ ಮಧ್ಯಾಹ್ನ ನಿಮ್ಮ ಓಣಿಗೆ ಬರಾಕತ್ತೇವ್ರಿ" ಎಂದರು.

ಹುಲೆಪ್ಪ ಅವಸರದಲ್ಲಿ ಮನೆಗೆ ಬಂದು ಹಿತ್ತಲ ಬಾಗಿಲು ಹಾಕಿದ. ಹಿತ್ತಲಲ್ಲಿ ತಗಡಿನ ಶೆಡ್ ಎಬ್ಬಿಸಿ ಪವರ್‌ಲೂಮ್ ಹೂಡಿ ವರ್ಷಗಳೇ ಆಗಿದ್ದವು. ಅವನು ನಗರಸಭೆಗೆ ಕೈಯಾರೆ ಬರೆದುಕೊಟ್ಟ ಆಸ್ತಿ ಕರದ ಘೋಷಣೆಯಲ್ಲಿ ಇದ್ದದ್ದು ಅಜ್ಜನ ಕಾಲದ ವಾಸದ ಮನೆ ಮಾತ್ರ.

ಸಂಜೆ ಸೊಸೆ ಪೂರ್ಣಿಮಾ ಜಮಖಂಡಿಯ ಬ್ಯಾಂಕಿನ ಕೆಲಸ ಮುಗಿಸಿ ಬಂದವಳು, "ಶೆಡ್ಡಿಂದೂ ಬರಕೊಡ್ರಿ, ಮಾವಾರ" ಎಂದಳು.

"ಮಗ್ಗ ಅಂದ್ರ ನೇಕಾರಗ ಮನಿಮಗಾ ಇದ್ದಂಗವಾ. ನಮ್ಮಜ್ಜ ಮಗ್ಗದ ಬಾಜೂನ ಉಂಡಾ, ಬಾಜೂನ ಮಲಗಿದಾ. ಮಗಂಗ ಯಾರರ ಕರ ಕಟ್ತಾರೇನು?"

"ಅಜ್ಜಾರ ಮಗ್ಗ ಪಡಸಾಲಿಯಾಗ ಇತ್ರಿ. ಇದು ಬ್ಯಾರೆ ಕಟ್ಟಡ. ಜಾಗದ ಬೆಲಿ, ಕಟ್ಟಡದ ಅಳತಿ, ಅದರ ಬಳಕಿ ನೋಡಿ ಕರ ಹಾಕ್ತಾರ. ವಾಸಕ್ಕ ಒಂದು ದರ, ದಂಧೇಕ್ಕ ಇನ್ನೊಂದು. ಏನರ ರಿಯಾಯಿತಿ ಐತೇನು ಅಂತ ಬಾಯಿ ಬಿಟ್ಟು ಕೇಳೂಣು, ಮುಚ್ಚಿಡೂದು ಬ್ಯಾಡ."

"ನೀರಿಗೆ ಬ್ಯಾರೆ ತಗೋತಾರ, ಕಸಕ್ಕ ಬ್ಯಾರೆ. ಮ್ಯಾಲ ಭಿಕ್ಷುಕರ ಕರ ಅಂತ. ನಾ ಏನು ಭಿಕ್ಷಾ ಬೇಡೇನಿ?"

"ನೀರು, ಕಸದ್ದು ನಾವು ಬಳಸಿದ್ದಕ್ಕ ಶುಲ್ಕ. ಆರೋಗ್ಯ, ಗ್ರಂಥಾಲಯ, ಭಿಕ್ಷುಕರ ಹೆಸರಿನ್ಯಾಗ ಬರೂವು ಉಪಕರ; ಊರಿಗೆಲ್ಲಾ ಸೇರಿದ ಕೆಲಸಕ್ಕ. ಗಟಾರ, ಬೀದಿದೀಪ ಆಗಬೇಕಂದ್ರ ಆಸ್ತಿ ಕರ ಬೇಕ ಬೇಕು. ನಾವ ಅಳದು, ನಾವ ಬರದು ಕೊಡ್ರಿ ಅಂತ ನಂಬಿಕಿ ಇಟ್ಟಾರ, ಮಾವಾರ."

"ಬ್ಯಾಂಕಿನ ಪಾಠ ಬ್ಯಾಂಕಿನ್ಯಾಗ ಹೇಳವಾ" ಎಂದು ಹುಲೆಪ್ಪ ಎದ್ದುಹೋದ.

ಮರುದಿನ ಅವನು ಹೂಡಿದ ಆಟ ಹೇಳಿದರೆ ನಾಚಿಕೆ. ಮಗ್ಗಗಳನ್ನು ಬಂದ್ ಮಾಡಿ ಕೆಲಸದವರನ್ನು ಮನೆಗೆ ಕಳಿಸಿದ. ಶೆಡ್ಡೂ ವಾಸದ ಮನೆಯೆನಿಸಲೆಂದು ಮಗ್ಗಗಳ ಮೇಲೆ ಕೌದಿ ಹೊದಿಸಿ, ಶೆಡ್ಡಿನಲ್ಲಿ ಮಂಚ ಹಾಕಿಸಿ, ತಾರವ್ವನ ಮೊಮ್ಮಗಳ ತೊಟ್ಟಿಲು ಕಟ್ಟಿಸಿದ. ಮೂಲೆಯಲ್ಲಿ ಒಲೆ ಹೂಡಿಸಿ, ಅದರ ಮುಂದೆ ತಾರವ್ವನನ್ನು ಕೂಡಿಸಿ, "ಕೇಳಿದ್ರ ಇಲ್ಲೇ ಇರ್ತೇನಿ ಅನ್ನು" ಎಂದ. ಕೂಲಿ ಕೊಡುವ ಧಣಿಯ ಮಾತು. ಆಕೆ ತಲೆ ತಗ್ಗಿಸಿ ಕುಳಿತಳು.

ಎಲ್ಲವನ್ನೂ ಮರೆಮಾಡಿದ ಹುಲೆಪ್ಪ ಒಂದನ್ನು ಮರೆತಿದ್ದ. ಆ ಓಣಿಯಲ್ಲಿ ಹಾಡುಹಗಲೇ ಒಂದು ಮನೆಯ ಮಗ್ಗ ನಿಂತಿತೆಂದರೆ ಆ ಮನೆಯಲ್ಲಿ ಸಾವಾಗಿದೆ ಎಂದೇ ಅರ್ಥ. ಎದುರುಮನೆಯ ನಿಂಗಣ್ಣ ಕಿವಿಗೊಟ್ಟ. ಗೌರವದಿಂದ ತನ್ನ ಮಗ್ಗವನ್ನೂ ನಿಲ್ಲಿಸಿದ. ಪಕ್ಕದವರು ನಿಲ್ಲಿಸಿದರು, ಅವರ ಪಕ್ಕದವರೂ ನಿಲ್ಲಿಸಿದರು. ಇಡೀ ಓಣಿ ಮೌನವಾಯಿತು. ಅಳತೆಯ ಟೇಪು ಹಿಡಿದು ನಗರಸಭೆಯವರು ಬರುವುದಕ್ಕೂ, ತಲೆಗೆ ಟವೆಲ್ ಸುತ್ತಿಕೊಂಡು ಕೈಯಲ್ಲಿ ಹೂಮಾಲೆ ಹಿಡಿದ ನಿಂಗಣ್ಣನ ಹಿಂದೆ ಜನ ಶೆಡ್ಡಿಗೆ ನುಗ್ಗುವುದಕ್ಕೂ ಸರಿಹೋಯಿತು.

"ಹುಲೆಪ್ಪಾ, ಎಂಥಾ ಹೊತ್ತು ಬಂತೋ. ಲಕ್ಷ್ಮವ್ವ ನಿನ್ನಿ ಛಲೋ ಇದ್ದಳಲ್ಲೋ?"

ಹಿತ್ತಲ ಬಾಗಿಲಲ್ಲಿ ಹಿಟ್ಟಿನ ಕೈ ಒರೆಸಿಕೊಳ್ಳುತ್ತ ನಿಂತಿದ್ದ ಹುಲೆಪ್ಪನ ಹೆಂಡತಿ ಲಕ್ಷ್ಮವ್ವ, "ನಾ ಇನ್ನೂ ಜೀವಂತ ಅದೇನ್ರಿ, ನಿಂಗಣ್ಣಾರ" ಎಂದಳು.

ಕಿಸಕ್ಕೆಂದು ಯಾರೋ ನಕ್ಕರು. ಹುಲೆಪ್ಪನ ಕಿವಿ ಕೆಂಪಾಯಿತು. ಅಳತೆಯವರು ತಾರವ್ವನ ಕಡೆ ತಿರುಗಿ, "ನೀವು ಇಲ್ಲೇ ಇರ್ತೀರೇನವಾ?" ಎಂದು ಕೇಳಿದರು.

ತಾರವ್ವ ಮೊದಲು ಧಣಿಯನ್ನು, ಆಮೇಲೆ ತೊಟ್ಟಿಲನ್ನು ನೋಡಿದಳು. "ನಮ್ಮ ಮನ್ಯಾಗ ಗಟಾರ ನೀರು ಹೊಕ್ಕೈತ್ರಿ. ಕೂಸಿಗೆ ಥಂಡಿ ಆಕ್ಕೈತಂತ ಇಲ್ಲಿ ಹಾಕೇನ್ರಿ."

ಇಲ್ಲೇ ಇರುತ್ತೇನೆಂದು ಸುಳ್ಳು ಹೇಳಲಾರದ ಆ ಬಡವಿ, ತನ್ನ ಮನೆಯ ಹೊಲಸನ್ನೇ ಹೊದಿಕೆ ಮಾಡಿ ಅವನ ಮಾನ ಮುಚ್ಚಲು ನೋಡಿದ್ದಳು. ಹುಲೆಪ್ಪನಿಗೆ ಜನರ ನಗೆಗಿಂತ ಇದು ಹೆಚ್ಚು ಚುಚ್ಚಿತು. ಆ ಗಟಾರಕ್ಕೆ ಸೇರಬೇಕಾದ ತನ್ನ ಪಾಲನ್ನು ಕೌದಿಯ ಕೆಳಗೆ ಬಚ್ಚಿಟ್ಟವನು ತಾನೇ. ಮೇಜು ಗುದ್ದಿದವನೂ ತಾನೇ. ಅವನು ಕೌದಿಗಳನ್ನು ತಾನೇ ಎಳೆದು ಹಾಕಿದ. ಅರ್ಧ ನೆಯ್ದ ಸೀರೆ ಎಲ್ಲರ ಕಣ್ಣಿಗೆ ಬಿತ್ತು.

"ಇದು ಮನಿ ಅಲ್ರಿ, ಮಗ್ಗದ ಶೆಡ್" ಎಂದ. "ದಂಡ ಎಷ್ಟ ಆಗಲಿ, ಖರೆ ಅಳತಿ ಬರಕೊಳ್ರಿ." ಟೇಪಿನ ಇನ್ನೊಂದು ತುದಿಯನ್ನು ತಾನೇ ಹಿಡಿದ. ಆಮೇಲೆ ತಾರವ್ವನತ್ತ ನೋಡದೆಯೇ, "ನಿನ್ನ ಇಲ್ಲಿ ಕೂಡಿಸಬಾರದಿತ್ತು ಬೇ" ಎಂದ.

ನಿಂಗಣ್ಣ ಮಾಲೆಯನ್ನು ಬೆನ್ನ ಹಿಂದೆ ಮರೆಮಾಡಿಕೊಂಡು ಹೊರಟವನು ಬಾಗಿಲಲ್ಲಿ ನಿಂತು ಕೆಮ್ಮಿದ. "ಸಾಹೇಬ್ರ, ನಾನೂ ಒಂದು ಮಾಳಿಗಿ ಏರಿಸೇನ್ರಿ. ಅಲ್ಲಿಗೂ ಬರ್ರಿ."

ಓದುಗರೇ, ನಿಮ್ಮ ಹಿತ್ತಲಿನ ಶೆಡ್, ಏರಿಸಿದ ಮಾಳಿಗೆ, ಬಾಡಿಗೆಗೆ ಕೊಟ್ಟ ಅಂಗಡಿ ಘೋಷಣೆಯಲ್ಲಿ ಇವೆಯೇ? ಇಲ್ಲವಾದರೆ ಇಂದೇ ಹೋಗಿ ತಿದ್ದಿಸಿರಿ. ಏಪ್ರಿಲ್ ತಿಂಗಳಲ್ಲೇ ಕಟ್ಟಿದರೆ ರಿಯಾಯಿತಿಯುಂಟು, ತಡಮಾಡಿದರೆ ದಂಡದ ಹೊರೆ. ಯಾವುದು ಕರ, ಯಾವುದು ಉಪಕರ, ಯಾವುದು ಶುಲ್ಕ ಎಂದು ಕೇಳಿ ತಿಳಿದು, ರಸೀದಿ ಪಡೆಯಿರಿ. ಅನಂತರ ಗಟಾರ ಎಲ್ಲಿ ಎಂದು ತಲೆಯೆತ್ತಿ ಕೇಳಿರಿ. ಆ ಹಕ್ಕು ನಿಮ್ಮದು. ಅಳತೆಯವರು ಬಂದ ದಿನವೂ ನಿಮ್ಮ ಮಗ್ಗ ಸದ್ದು ಮಾಡುತ್ತಲೇ ಇರಲಿ.