ಬಲಗಡೆಯ ಅಂಚು

ಹೊನಾಮಿ ಬಂದ ಮೊದಲ ದಿನವೇ ಸೆನ್ಸೇ ಅವಳಿಗೆ ಕಿಟಕಿಯ ಪಕ್ಕದ ಮೇಜು ಕೊಟ್ಟರು. ನಾಲ್ಕು ವರ್ಷಗಳಿಂದ ಅದು ಖಾಲಿ ಬಿದ್ದಿತ್ತು. ಅಲ್ಲಿ ಬಿಸಿಲು ಬಿದ್ದು ಕಾಗದ ಹಳದಿಯಾಗುತ್ತದೆ, ಯಾರೂ ಕೂರಬಾರದು ಎಂದು ನನಗೆ ಹೇಳಿದ್ದವರು ಸೆನ್ಸೇಯವರೇ. ಹೊನಾಮಿಗಾಗಿ ಅವರು ಆ ಕಿಟಕಿಗೆ ಒಂದು ಪರದೆ ತಂದು ಹಾಕಿದ್ದರು.

ಸೆನ್ಸೇ ಅಂದರೆ ಗುರುಗಳು, ನಮ್ಮ ಉಟ್ಸುಗಿ ಸೆನ್ಸೇ. ಅರವತ್ತಮೂರು ವರ್ಷ, ಒಂಟಿ ಹೆಂಗಸು. ನೆರಿಮಾ ಬಡಾವಣೆಯಲ್ಲಿ ಅವರ ಮನೆಯ ಮಹಡಿಯೇ ನಮ್ಮ ಕೆಲಸದ ಕೋಣೆ. ಹಳೆಯ ಕಾಲದ ಬರಹಗಳನ್ನು ಮಾಂಗಾ, ಅಂದರೆ ಚಿತ್ರಕಥೆ, ಮಾಡುವುದು ಅವರ ಜೀವನದ ಕೆಲಸ. ಆಗ ನಡೆಯುತ್ತಿದ್ದದ್ದು ಓಸೆನ್ ಎಂಬವಳ ದಿನಚರಿ. ಇನ್ನೂರೈವತ್ತು ವರ್ಷಗಳ ಹಿಂದೆ, ಬಟ್ಟೆಗೆ ನೀಲಿ ಬಣ್ಣ ಹಾಕುವವರ ಮನೆಯ ಹುಡುಗಿ ಬರೆದಿಟ್ಟದ್ದು. ಮದುವೆಯಾದ ಮೊದಲ ಚಳಿಗಾಲದಲ್ಲೇ ಅದು ಅರ್ಧ ಸಾಲಿಗೆ ನಿಂತುಹೋಗುತ್ತದೆ. ಸೆನ್ಸೇ ಅದನ್ನು ಮೂರು ಪುಸ್ತಕ ಮಾಡುವವರಿದ್ದರು. ಎರಡನೆಯದರ ಕೊನೆಗೆ ಮದುವೆ ಬರುತ್ತಿತ್ತು.

ನಮ್ಮಲ್ಲಿ ಜನರನ್ನು ಬರೆಯುವುದು ಸೆನ್ಸೇ. ನನ್ನ ಪಾಲಿಗೆ ಹೆಂಚು, ಬಾವಿ, ಬಣ್ಣದ ಗುಡಾಣ, ಹೊಗೆ, ಕತ್ತಲೆ. ಒಮ್ಮೆ ಒಂದು ಹೊಳೆದಂಡೆಯ ಚಿತ್ರದಲ್ಲಿ ಆಚೆ ದಡದ ಜನರನ್ನು ನೀನೇ ಹಾಕು ಎಂದಿದ್ದರು. ಅಕ್ಕಿಕಾಳಿನಷ್ಟು ಗಾತ್ರದ ಏಳು ಜನ. ಆ ಪುಟದ ನಕಲು ನನ್ನ ಹಾಸಿಗೆಯ ಪಕ್ಕದ ಗೋಡೆಯಲ್ಲಿದೆ.

ಹೈಸ್ಕೂಲನ್ನು ನಾನು ಎರಡನೆಯ ವರ್ಷದಲ್ಲೇ ಬಿಟ್ಟೆ. ನಿಂತು ಗಟ್ಟಿಯಾಗಿ ಓದು ಎಂದರೆ ನನ್ನ ಗಂಟಲು ಕಟ್ಟುತ್ತಿತ್ತು. ಸೆನ್ಸೇ ಮಾತ್ರ ನನ್ನನ್ನು ಯಾವತ್ತೂ ಓದಿಸಲಿಲ್ಲ, ಮಾತಾಡಿಸಲೂ ಇಲ್ಲ. ಮೂರು ಗಂಟೆಗೆ ಚಹಾ ಕುಡಿಯುವಾಗ ಇಬ್ಬರೂ ಸುಮ್ಮನೆ ಕೂರುತ್ತಿದ್ದೆವು. ಯೋಕನ್ ಎಂಬ ಸಿಹಿತಿಂಡಿ ಕೊಯ್ದರೆ, ಸಕ್ಕರೆ ಗಟ್ಟಿಕಟ್ಟಿದ ತುದಿಯ ತುಂಡನ್ನು ನನ್ನ ತಟ್ಟೆಗೆ ಹಾಕುತ್ತಿದ್ದರು. ನನಗೆ ಅಷ್ಟು ಸಾಕಾಗಿತ್ತು.

ಆ ವಸಂತದಲ್ಲಿ ಅವರ ಮಣಿಕಟ್ಟು ಊದಿಕೊಂಡಿತು. ಮೂರನೆಯ ಪುಸ್ತಕದಿಂದ ಓಸೆನ್‌ಳ ಮುಖ ಒಂದನ್ನು ಬಿಟ್ಟು ಉಳಿದ ಜನರನ್ನೆಲ್ಲ ಬೇರೆಯವರು ಬರೆಯಬೇಕಾಗುತ್ತದೆ ಎಂದರು. ಆಗ ಕೋಣೆಯಲ್ಲಿದ್ದವಳು ನಾನೊಬ್ಬಳೇ. ಯಾರು ಎಂದು ಅವರೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ಮನೆಗೆ ಹೋಗಿ ಎರಡು ತಿಂಗಳು ದಿನವೂ ಕೈಗಳನ್ನು ಬರೆದೆ, ಬರೀ ಕೈಗಳನ್ನು.

ಜೂನ್‌ನಲ್ಲಿ ಹೊನಾಮಿ ಬಂದಳು.

ವಿಶ್ವವಿದ್ಯಾಲಯದಲ್ಲಿ ಹಳೆಯ ಸಾಹಿತ್ಯ ಓದಿದವಳು. ಕುಂಚದಲ್ಲಿ ಒಂದಕ್ಕೊಂದು ಹೆಣೆದು ಬರೆದ ಆ ಕಾಲದ ಅಕ್ಷರವನ್ನು ಪತ್ರಿಕೆ ಓದಿದ ಹಾಗೆ ಓದುತ್ತಿದ್ದಳು. ಅಲ್ಲಿಯವರೆಗೆ ಸೆನ್ಸೇಗೆ ಸಿಕ್ಕಿದ್ದು ಅಚ್ಚಾದ ಪುಸ್ತಕ ಮಾತ್ರ. ಹೊನಾಮಿ ಮೂಲದ ಹಾಳೆಗಳ ಫೋಟೋ ತರಿಸಿ, ಅಚ್ಚಿನಲ್ಲಿ ಬಿಟ್ಟುಹೋದ ಸಾಲುಗಳನ್ನು ಹುಡುಕಿದಳು. ಓಸೆನ್‌ಳ ಉಗುರಿನ ನೀಲಿ ಮದುವೆಯ ದಿನವೂ ಹೋಗಿರಲಿಲ್ಲವಂತೆ, ಅವಳು ಕೈಯನ್ನು ಉಡುಪಿನ ತೋಳಿನೊಳಗೆ ಎಳೆದುಕೊಂಡೇ ಕುಳಿತಿದ್ದಳಂತೆ. ಅದನ್ನು ಕೇಳಿ ಸೆನ್ಸೇ ಬಾಯಿ ತುಂಬ ನಕ್ಕರು. ಅವರ ಹಿಂದಿನ ಹಲ್ಲೊಂದಕ್ಕೆ ಚಿನ್ನದ ಕವಚ ಇದೆಯೆಂದು ನನಗೆ ಗೊತ್ತಾದದ್ದು ಅವತ್ತು. ಚಹಾದ ಹೊತ್ತು ಮಾತಿನ ಹೊತ್ತಾಯಿತು. ಯೋಕನ್ನಿನ ತುದಿಯ ತುಂಡು ಹೊನಾಮಿಯ ತಟ್ಟೆಗೆ ಹೋಯಿತು. ಅವಳಿಗೆ ಅದರ ಬೆಲೆ ಗೊತ್ತಿರಲಿಲ್ಲ. ಮಾತಾಡುತ್ತಲೇ ನುಂಗಿಬಿಟ್ಟಳು.

ಅವಳಿಗೆ ನನಗಿಂತ ಎರಡು ವರ್ಷ ಹೆಚ್ಚು. ಆದರೂ ಮೊದಲು ಬಂದವಳು ನಾನಾದ್ದರಿಂದ ನನ್ನನ್ನು ಸೆಂಪಾಯ್, ಅಂದರೆ ಹಿರಿಯಳೇ, ಎಂದು ಕರೆಯುತ್ತಿದ್ದಳು, ತಲೆ ಬಾಗಿಸಿ, ಮನಸಾರೆ. ಅವಳು ಕೆಟ್ಟವಳಾಗಿದ್ದರೆ ನನಗೆ ಎಷ್ಟೋ ಸುಲಭವಿತ್ತು.

ಅಕ್ಟೋಬರಿನಲ್ಲಿ ಮದುವೆಯ ಪುಟವನ್ನು ಸೆನ್ಸೇ ಅವಳಿಗೆ ಕೊಟ್ಟರು. ಇಡೀ ಪುಟಕ್ಕೆ ಒಂದೇ ಚಿತ್ರ, ಬಿಳಿಯುಡುಗೆಯಲ್ಲಿ ಕುಳಿತ ಓಸೆನ್. ಕಣ್ಣು ಮಾತ್ರ ಸೆನ್ಸೇ ಬರೆಯುತ್ತಾರೆ, ಉಳಿದದ್ದೆಲ್ಲ ಹೊನಾಮಿ. ಮೂರನೆಯ ಪುಸ್ತಕದ ಜನ ಯಾರ ಕೈಗೆ ಹೋಗುತ್ತಾರೆ ಎಂಬುದನ್ನು ತೀರ್ಮಾನಿಸುವ ಪುಟ ಅದು. ಬಾಯಿಬಿಟ್ಟು ಯಾರೂ ಹೇಳಲಿಲ್ಲ, ಮೂವರಿಗೂ ಗೊತ್ತಿತ್ತು.

ಹೊನಾಮಿ ಪೆನ್ಸಿಲ್ಲಿನಲ್ಲಿ ಬರೆದು ತಂದಾಗ ಸೆನ್ಸೇ ಬಹಳ ಹೊತ್ತು ನೋಡಿದರು. ಚೆನ್ನಾಗಿದೆ, ಆದರೆ ಹುಡುಗಿ ಬಲಕ್ಕೆ ನೋಡುತ್ತಿದ್ದಾಳೆ, ನಮ್ಮ ಪುಸ್ತಕ ಬಲದಿಂದ ಎಡಕ್ಕೆ ಸಾಗುತ್ತದೆ, ಹೀಗೆ ಕೂತರೆ ತವರಿಗೆ ವಾಪಸು ಹೊರಟ ಹಾಗೆ ಕಾಣುತ್ತಾಳೆ ಎಂದರು. ಹೊನಾಮಿ ಎಲ್ಲರೂ ಮಾಡುವುದನ್ನೇ ಮಾಡಿದಳು. ಹಾಳೆಯನ್ನು ಬೋರಲು ಹಾಕಿ, ಕೆಳಗಿನಿಂದ ಬೆಳಕು ಬರುವ ಮೇಜಿನ ಮೇಲಿಟ್ಟು, ಹಿಂಬದಿಯಿಂದ ಕಾಣುವ ಗೆರೆಗಳನ್ನು ಹೊಸ ಹಾಳೆಗೆ ಇಳಿಸಿಕೊಂಡಳು. ಓಸೆನ್ ಎಡಕ್ಕೆ ತಿರುಗಿದಳು.

ಪುಟ ಕಳಿಸುವ ದಿನ ಬೆಳಿಗ್ಗೆ ಅದು ನನ್ನ ಮೇಜಿಗೆ ಬಂತು. ಸೆನ್ಸೇ ಕಣ್ಣು ಬರೆದುಕೊಟ್ಟು, ಮಣಿಕಟ್ಟಿಗೆ ಬಿಸಿ ಬಟ್ಟೆ ಕಟ್ಟಿಕೊಂಡು ಮಲಗಿದ್ದರು. ಬಿಳಿಯುಡುಗೆಯ ಸುತ್ತಲಿನ ಕತ್ತಲೆ ನನ್ನ ಕೆಲಸ. ಮಸಿಯಲ್ಲಿ ಕುಂಚ ಅದ್ದಿ ಭುಜದ ಗೆರೆಯ ಹತ್ತಿರ ತಂದವಳು ಅಲ್ಲಿಯೇ ನಿಂತೆ.

ಕಿಮೋನೋದ ಬಲಗಡೆಯ ಅಂಚು ಎಡಗಡೆಯದರ ಮೇಲೆ ಬಂದಿತ್ತು.

ನಾವು ಗಂಡಸಾಗಲಿ ಹೆಂಗಸಾಗಲಿ ಎಡಗಡೆಯ ಅಂಚನ್ನೇ ಮೇಲೆ ತಂದು ಉಡುವುದು. ಬಲಗಡೆಯದು ಮೇಲೆ ಬರುವುದು ಸತ್ತವರಿಗೆ ಮಾತ್ರ. ಹಾಳೆ ಬೋರಲು ಹಾಕಿದಾಗ ಮುಖದ ಜೊತೆ ಅಂಚೂ ತಿರುಗಿತ್ತು. ಮದುವಣಗಿತ್ತಿಗೂ ಬಿಳಿ, ಹೆಣಕ್ಕೂ ಬಿಳಿ. ಹೊನಾಮಿಯ ಪುಟದಲ್ಲಿ ಕುಳಿತಿದ್ದವಳು ಹೆಣ.

ಅಜ್ಜಿ ತೀರಿಕೊಂಡಾಗ ನನಗೆ ಹದಿನಾರು. ಚಿಕ್ಕಮ್ಮ ದೇಹವನ್ನು ಹಿಡಿದುಕೊಂಡಿದ್ದಳು, ಅಂಚನ್ನು ತಿರುಗುಮುರುಗಾಗಿ ಮಡಿಸಿದವಳು ನಾನು. ಕೈ ಅಭ್ಯಾಸಬಲದಿಂದ ಎರಡು ಸಲ ಎಡದ್ದನ್ನೇ ಮೇಲೆ ತಂದಿತ್ತು. ಮೊದಲ ಪುಸ್ತಕದಲ್ಲಿ ಓಸೆನ್‌ಳ ತಾಯಿಯ ಸಾವು ಬಂದಾಗ ಅದನ್ನು ಸೆನ್ಸೇಗೆ ಹೇಳಿದ್ದೆ. ನಾಲ್ಕು ವರ್ಷಗಳಲ್ಲಿ ನಾನಾಗಿ ಆಡಿದ ಅತಿ ಉದ್ದದ ಮಾತು ಅದು. ಸೆನ್ಸೇ ಅದನ್ನು ಹಾಗೆಯೇ ಚಿತ್ರಕ್ಕೆ ತಂದಿದ್ದರು, ಎರಡು ಸಲ ತಪ್ಪುವ ಕೈಯನ್ನೂ ಸೇರಿಸಿ.

ನಾನು ಕುಂಚವನ್ನು ಹಾಳೆಗೆ ಇಳಿಸಿದೆ. ಕತ್ತಲೆಯನ್ನು ತುಂಬತೊಡಗಿದೆ.

ಎರಡು ಗಂಟೆ ಹಿಡಿಯಿತು. ಮುಗಿಸುವ ಹೊತ್ತಿಗೆ ಹೊನಾಮಿ ಹಿಂದೆ ಬಂದು ನಿಂತಳು. ಅವಳ ಉಸಿರು ನನ್ನ ಕಿವಿಗೆ ತಗಲುತ್ತಿತ್ತು.

"ಸೆಂಪಾಯ್, ನಿಮ್ಮ ಕಪ್ಪು ಬಿದ್ಮೇಲೆ ಇವಳಿಗೆ ಜೀವ ಬಂತು ನೋಡಿ" ಎಂದಳು. ಆಮೇಲೆ ಮೆಲ್ಲಗೆ, "ನಂದು ಏನಾದ್ರೂ ತಪ್ಪಿದ್ರೆ ಹೇಳ್ಬಿಡಿ. ಬೇಜಾರಿಲ್ಲ."

"ಏನಿಲ್ಲ" ಎಂದೆ.

ನನ್ನ ಗಂಟಲು ಆಗ ಒಂಚೂರೂ ಕಟ್ಟಲಿಲ್ಲ.

ಮೂರು ಗಂಟೆಗೆ ಪ್ರಕಾಶಕರ ಕಡೆಯ ಸಂಪಾದಕ ಕುವಾಬಾರ ಬಂದರು. ದಪ್ಪ ಮನುಷ್ಯ, ಬೆವರು ಒರೆಸಿಕೊಳ್ಳುತ್ತ ಯಾವಾಗಲೂ ತಮಾಷೆ. ಸೆನ್ಸೇ ಎದ್ದು ಬಂದು ಪುಟಗಳನ್ನು ಒಂದೊಂದಾಗಿ ತಿರುವಿದರು. ಮದುವೆಯ ಪುಟಕ್ಕೆ ಬಂದು ನಿಂತರು. ನಾನು ಕುಂಚಗಳನ್ನು ತೊಳೆಯುತ್ತಿದ್ದೆ. ನೀರಿನ ಸದ್ದಿಗೆ ಮಾತು ಕೇಳದೆ ಹೋಗಬಾರದೆಂದು ನಲ್ಲಿ ನಿಲ್ಲಿಸಿದೆ.

"ಹೊನಾಮಿ, ಇದನ್ನ ಬೇಕಂತಲೇ ಮಾಡಿದ್ಯಾ?" ಎಂದು ಸೆನ್ಸೇ ಕೇಳಿದರು. ದನಿಯಲ್ಲಿ ಸಿಟ್ಟಿರಲಿಲ್ಲ. ಏನೋ ಒಂದು ಬೆರಗಿತ್ತು.

ಕುವಾಬಾರ ಬಗ್ಗಿ ನೋಡಿ ತೊಡೆ ತಟ್ಟಿಕೊಂಡರು. "ಅಬ್ಬ, ಮದುವೆ ದಿನಾನೇ ಸಾವಿನ ಉಡುಗೆ! ಚಳಿಗಾಲಕ್ಕೆ ಸಾಯೋಳು ಅಲ್ವಾ ಇವಳು. ಸೆನ್ಸೇ, ಈ ಹುಡುಗಿನ ಎಲ್ಲಿ ಹಿಡಿದ್ರಿ ನೀವು? ನಮ್ಮ ಆಫೀಸಲ್ಲಿ ಇಷ್ಟು ತಲೆ ಇರೋರು ಒಬ್ರೂ ಇಲ್ಲ, ನನ್ನೂ ಸೇರಿಸಿ."

ಕೈಯಲ್ಲಿದ್ದ ಕುಂಚದಿಂದ ಕಪ್ಪು ನೀರು ನನ್ನ ಕಾಲ್ಚೀಲದ ಮೇಲೆ ತೊಟ್ಟಿಕ್ಕುತ್ತಿತ್ತು. ಅವಳು ಬಿದ್ದರೂ ಹೂವಿನ ಮೇಲೇ ಬೀಳುತ್ತಾಳಲ್ಲ ಎಂದುಕೊಂಡೆ. ಇನ್ನು ಅವಳು ಹೌದು ಎಂದರೆ ಸಾಕು. ಅವಳ ಜಾಗದಲ್ಲಿದ್ದಿದ್ದರೆ ನಾನು ಹೌದು ಎನ್ನುತ್ತಿದ್ದೆ.

ಹೊನಾಮಿ ಹತ್ತಿರ ಹೋಗಿ ನೋಡಿದಳು. ತನ್ನ ಎದೆಯ ಮೇಲೆ ಕೈಯಿಟ್ಟು, ಇಲ್ಲದ ಅಂಚನ್ನು ಮಡಿಸಿಕೊಂಡು ಲೆಕ್ಕ ಹಾಕಿದಳು.

"ಇಲ್ಲ ಸೆನ್ಸೇ. ಹಾಳೆ ತಿರುಗಿಸಿದಾಗ ಆಗಿದ್ದು. ನನಗೆ ಗೊತ್ತೇ ಆಗ್ಲಿಲ್ಲ" ಎಂದು ಸೊಂಟ ಮುರಿಯುವಂತೆ ಬಾಗಿದಳು.

ಕುವಾಬಾರ ಅದನ್ನು ಹಾಗೇ ಬಿಡೋಣ, ಓದುಗರು ತಲೆ ಕೆಡಿಸಿಕೊಳ್ಳಲಿ ಎಂದರು. ಸೆನ್ಸೇ ಒಪ್ಪಲಿಲ್ಲ. "ಆ ದಿನ ಅವಳು ಬದುಕಿದ್ದಳು ಕುವಾಬಾರ ಅವರೇ. ಸಂಜೆ ಕೂತು ಆ ದಿನದ ದಿನಚರಿ ಬರೆದವಳು ಅವಳೇ. ನಾವು ಮೊದಲೇ ಸಾಯಿಸೋದು ಬೇಡ."

ಆಮೇಲೆ ಅವರು ಹಾಳೆಯನ್ನು ಬೆಳಕಿಗೆ ಹಿಡಿದರು. ಭುಜದ ಸುತ್ತ, ಕತ್ತಿನ ಸುತ್ತ, ಕೂದಲೆಳೆಯಷ್ಟೂ ಆಚೀಚೆ ಆಗದಂತೆ ತುಂಬಿದ ನನ್ನ ಕಪ್ಪನ್ನು ನೋಡಿದರು. ನನ್ನ ಕಡೆ ತಿರುಗಿದರು.

"ಅವಳಿಗೆ ಗೊತ್ತಾಗ್ಲಿಲ್ಲ. ನಿನಗೆ, ಚಿಗುಸಾ?"

"ಗೊತ್ತಿತ್ತು" ಎಂದೆ.

ಕುವಾಬಾರ ಕೂಡ ಬೆವರು ಒರೆಸಿಕೊಳ್ಳುವುದನ್ನು ನಿಲ್ಲಿಸಿದರು. ಹೊನಾಮಿ ತಲೆಯೆತ್ತಿ ನನ್ನನ್ನೇ ನೋಡಿದಳು. ಅವಳ ಮುಖದಲ್ಲಿ ನಾನು ಸಿಟ್ಟನ್ನು ಹುಡುಕಿದೆ. ಅರ್ಥವಾಗದೆ ಪೆಚ್ಚಾದ ಮಗುವಿನ ಮುಖ ಅಲ್ಲಿತ್ತು.

ಸೆನ್ಸೇ ಹಾಳೆಯನ್ನು ನನ್ನ ಮೇಜಿನ ಮೇಲಿಟ್ಟು, "ತಿದ್ದು" ಎಂದಷ್ಟೇ ಹೇಳಿದರು. ಬಿಳಿ ಬಣ್ಣದಿಂದ ಅಂಚನ್ನು ಅಳಿಸಿ, ಒಣಗಿದ ಮೇಲೆ ಹೊಸದಾಗಿ ಬರೆದೆ. ಎಡಗಡೆಯದು ಮೇಲೆ, ಕತ್ತಿನ ಹತ್ತಿರ ಸ್ವಲ್ಪ ಸಡಿಲ, ಎದೆಯ ಮೇಲೆ ಬಿಗಿ. ನನ್ನ ಕೈಯಿಂದ ಕಥೆಯೊಳಗಿನ ಒಬ್ಬ ಹೆಣ್ಣಿನ ಮೈಮೇಲೆ ಬಿದ್ದ ಮೊದಲ ಗೆರೆಗಳು. ನಲವತ್ತು ನಿಮಿಷ. ಚೆನ್ನಾಗಿ ಬಂತು. ಯಾರೂ ಚೆನ್ನಾಗಿ ಬಂತು ಎನ್ನಲಿಲ್ಲ.

ಕುವಾಬಾರ ಹೋದ ಮೇಲೆ ಸೆನ್ಸೇ ಚಹಾ ಮಾಡಿದರು, ಅವರೇ. ಮೂರನೆಯ ಪುಸ್ತಕದ ಜನ ಹೊನಾಮಿಗೆ ಎಂದು, ಲೋಟದ ಕಡೆ ನೋಡುತ್ತಲೇ ಹೇಳಿದರು. ಅವಳಿಗೆ ಗೊತ್ತಿಲ್ಲದ್ದು ಬಹಳ ಇದೆ, ಆದರೆ ಗೊತ್ತಿಲ್ಲ ಅನ್ನೋಕೆ ಬರುತ್ತೆ ಎಂದರು. ಒಂದು ಷರತ್ತೂ ಹಾಕಿದರು. ಪ್ರತಿ ಪುಟವನ್ನೂ ಹೊನಾಮಿ ಮೊದಲು ನನಗೆ ತೋರಿಸಬೇಕು, ನಾನು ನೋಡಿ ಬಾಯಿಬಿಟ್ಟು ಹೇಳಬೇಕು, ಸರಿಯಿದ್ದರೂ, ಇಲ್ಲದಿದ್ದರೂ.

ನನ್ನನ್ನು ಕಳಿಸಿಬಿಡಬಹುದಿತ್ತು. ಅದು ಹಗುರವಾಗಿರುತ್ತಿತ್ತು.

ಈಗ ದಿನಕ್ಕೆ ಎರಡು ಪುಟ ನನ್ನ ಮೇಜಿಗೆ ಬರುತ್ತವೆ. ಹೊನಾಮಿ ಆ ದಿನದ ಮಾತು ಎತ್ತಿಲ್ಲ. ಅಂಚು, ಗಂಟು, ಮುಡಿ, ಚಪ್ಪಲಿಯ ದಾರ, ಎಲ್ಲ ನೋಡುತ್ತೇನೆ. ಮೊದಮೊದಲು ಪುಟಕ್ಕೆ ನಾಲ್ಕೈದು ತಪ್ಪು ಸಿಗುತ್ತಿದ್ದವು. ಹೇಳುತ್ತಿದ್ದೆ. ಅವಳು ಒಂದು ಪುಟ್ಟ ನೋಟ್ ಪುಸ್ತಕದಲ್ಲಿ ಬರೆದುಕೊಳ್ಳುತ್ತಿದ್ದಳು. ತಪ್ಪುಗಳು ಮೂರಾದವು, ಒಂದಾಯಿತು.

ನಿನ್ನೆ ತಂದ ಪುಟದಲ್ಲಿ ಓಸೆನ್‌ಳ ಅತ್ತೆ ಹಿಮದಲ್ಲಿ ನಿಂತು ಬಟ್ಟೆ ಹಿಂಡುತ್ತಿದ್ದಳು. ಆ ಮುದುಕಿಯ ಕೈಗಳನ್ನು ಬಹಳ ಹೊತ್ತು ನೋಡಿದೆ. ಹಾಳೆಯನ್ನು ತಿರುಗಿಸಿ ಬೆಳಕಿಗೆ ಹಿಡಿದೆ. ಮೊದಲಿನಿಂದ ಇನ್ನೊಮ್ಮೆ ತಪ್ಪು ಹುಡುಕಿದೆ. ಹೊನಾಮಿ ಪೆನ್ಸಿಲ್ ಹಿಡಿದು ಕಾಯುತ್ತ ನಿಂತಿದ್ದಳು. ಆಚೆ ಕೋಣೆಯಲ್ಲಿ ಸೆನ್ಸೇ ಕೆಮ್ಮಿದರು.

"ಸರಿಯಾಗಿದೆ" ಎಂದೆ. ಅದು ಹೊರಗೆ ಬರಲು ಬಹಳ ಹೊತ್ತು ಹಿಡಿಯಿತು.